ಜೈನಬಮ್ಮನ ದಾರಿ ಪೇಪರಿನಲ್ಲಿ ಬಂದದ್ದು

ಪುತ್ತೂರಿನ ಒಂದು ವಾರಪತ್ರಿಕೆಯಲ್ಲಿ ಪೆರಾಬೆಯ ಜೈನಬಮ್ಮನ ಫೋಟೋ ಬಂದ ದಿನ ಅವರ ಮನೆಯಲ್ಲಿ ಅನ್ನ ತಳ ಹಿಡಿಯಿತು. ಅದು ಎಂಬತ್ತನೆಯ ಇಸವಿ, ಮಳೆ ಹಿಂದೆ ಸರಿಯುತ್ತಿದ್ದ ಸಮಯ. ಸೊಸೆ ಬೀಬಿ ಒಲೆ ಬಿಟ್ಟು ಜಗಲಿಗೆ ಬಂದು ನಿಂತಿದ್ದಳು. ಮಗ ಕುಂಞಿ ಮೋನು ಪೇಪರು ತಂದವನು ಅಂಗಿ ಕೂಡ ತೆಗೆಯದೆ ಕೂತಿದ್ದ. ಮೊಮ್ಮಗಳು ಮೈಮೂನ ಒಂಬತ್ತನೆಯ ಕ್ಲಾಸು. ಆ ಮನೆಯಲ್ಲಿ ತಡವರಿಸದೆ ಕನ್ನಡ ಓದುವವಳು ಅವಳೊಬ್ಬಳೇ. ಶಾಲೆಯಲ್ಲಿ ಪಾಠ ಓದುವ ಹಾಗೆ ನೆಟ್ಟಗೆ ನಿಂತು ಗಟ್ಟಿಯಾಗಿ ಓದಿದಳು.

"ಗಲ್ಫ್ ಸಾಹುಕಾರನ ಮುಳ್ಳುತಂತಿ, ಬಡ ವಿಧವೆಯ ಕಣ್ಣೀರು. ಒಪ್ಪೊತ್ತಿನ ಗಂಜಿಗೂ ಗತಿಯಿಲ್ಲದ ವೃದ್ಧೆಯ ಪರವಾಗಿ ಯುವ ನ್ಯಾಯವಾದಿ ಮಹಾಗಣಪತಿಯವರ ದಿಟ್ಟ ಹೋರಾಟ."

"ಗಂಜಿಗೆ ಗತಿ ಇಲ್ಲದ್ದು ಯಾರಿಗೆ?" ಜೈನಬಮ್ಮ ಕೇಳಿದರು.

"ನಿಮಗೆ, ಉಮ್ಮಮ್ಮ."

"ನಾನು ಬೆಳಿಗ್ಗೆ ರೊಟ್ಟಿ ತಿಂದದ್ದು ನೀನು ನೋಡಿದ್ದೀಯಲ್ಲ?"

"ನಾನು ನೋಡಿದೆ. ಪೇಪರಿನವರು ನೋಡ್ಲಿಲ್ಲ."

"ಕಣ್ಣೀರು ಎಲ್ಲಿಂದ ಬಂತು?"

"ಅದು ಒಲೆಯ ಹೊಗೆ ಮಾಮಿ," ಬೀಬಿ ಹೇಳಿದಳು. "ನೀವು ಅಡಿಗೆಮನೆಯಿಂದ ಹಾಗೇ ಎದ್ದು ಹೋದ್ರಲ್ಲ, ಆಗಲೇ ತೆಗೆದದ್ದು."

ಫೋಟೋದಲ್ಲಿ ಜೈನಬಮ್ಮ ರೊಟ್ಟಿಯ ಬುಟ್ಟಿ ಹಿಡಿದುಕೊಂಡು ಮುಳ್ಳುತಂತಿಯ ಹತ್ತಿರ ನಿಂತಿದ್ದರು. ಅವರ ಪಕ್ಕದಲ್ಲಿ ಕಪ್ಪು ಕೋಟು ಹಾಕಿದ ವಕೀಲರು ತಂತಿಯ ಕಡೆಗೆ ಬೆರಳು ತೋರಿಸುತ್ತಿದ್ದರು. ವಕೀಲರ ಮುಖ ಮಾತ್ರ ಬಹಳ ಚೆನ್ನಾಗಿ ಬಂದಿತ್ತು.

"ಎಂತ ಆದ್ರೂ ಈಗ ಊರಿಗೆಲ್ಲ ಗೊತ್ತಾಯ್ತು," ಎಂದ ಕುಂಞಿ ಮೋನು. "ತಂತಿ ಎಳೆದ ಆದಮಾಕ ಇನ್ನು ತಲೆ ಎತ್ತಿಕೊಂಡು ಪೇಟೆಗೆ ಹೋಗ್ಲಿ ನೋಡುವ."

ಅಷ್ಟರಲ್ಲಿ ಕರಕಲು ವಾಸನೆ ಬಂತು. ಬೀಬಿ ಒಳಗೆ ಓಡಿದಳು.

ದಾರಿಯ ವಿಷಯ ಹೀಗೆ. ಜೈನಬಮ್ಮ ಗಂಡ ಸತ್ತ ಮೇಲೆ ರೊಟ್ಟಿ ಮಾಡಿ ಮಗನನ್ನು ಸಾಕಿದವರು. ಕುಚ್ಚಲಕ್ಕಿಯನ್ನು ನೆನೆಹಾಕಿ, ತೆಂಗಿನಕಾಯಿ ಸೇರಿಸಿ ಗಟ್ಟಿಯಾಗಿ ಕಡೆದು, ಬಾಳೆಲೆಯ ಮೇಲೆ ತಟ್ಟಿ, ಮಣ್ಣಿನ ಓಡಿನಲ್ಲಿ ಸುಡುವ ರೊಟ್ಟಿ. ಮಾರ್ಗದ ಬದಿಯಲ್ಲಿ ಚಾಂಡಿಯ ಹೋಟೆಲು ಇತ್ತು. ಚಾಂಡಿ ಅಪ್ಪನ ಜೊತೆ ಕೇರಳದಿಂದ ಬಂದು ಇಲ್ಲೇ ಬೇರೂರಿದವನು. ಬೆಳಿಗ್ಗೆ ರಬ್ಬರು ಮರ ಗೀರಿ ಬಂದ ಆಳುಗಳು ಅವನ ಬೆಂಚಿನಲ್ಲಿ ಕೂತು ಮೀನು ಸಾರಿನ ಜೊತೆ ತಿನ್ನುತ್ತಿದ್ದದ್ದು ಈ ರೊಟ್ಟಿಯನ್ನೇ. ರೊಟ್ಟಿ ಬಿಸಿ ಇರಬೇಕು. ಓಡಿನಿಂದ ತೆಗೆದು, ಬಾಳೆಲೆ ಹೊದೆಸಿ, ಬುಟ್ಟಿ ತಲೆಗಿಟ್ಟು ಕಾಲುದಾರಿಯಲ್ಲಿ ಇಳಿದರೆ ಹೊಗೆಯಾಡುತ್ತಲೇ ಹೋಟೆಲು ಸೇರುತ್ತಿತ್ತು.

ಆ ಕಾಲುದಾರಿ ಪಕ್ಕದ ಜಾಗದಲ್ಲಿ ಹಾದುಹೋಗುತ್ತಿತ್ತು. ಆ ಜಾಗವನ್ನು ಊರವನೇ ಆದ ಆದಂ ಕುಂಞಿ ಕೊಂಡ. ಹಲವು ವರ್ಷ ಗಲ್ಫಿನಲ್ಲಿ ದುಡಿದು ಬಂದವನು, ತಾರಸಿ ಮನೆ ಕಟ್ಟಿದ. ದಾರಿ ಅವನ ಅಡಿಗೆಮನೆಗೂ ಬಾವಿಗೂ ನಡುವೆ ಬಿತ್ತು. ಅವನಿಗೆ ಬೆಳೆದ ಹೆಣ್ಣುಮಕ್ಕಳಿಬ್ಬರು. ಒಂದು ದಿನ ಯಾರಲ್ಲೂ ಹೇಳದೆ ಮುಳ್ಳುತಂತಿ ಎಳೆದ. ಕುಂಞಿ ಮೋನು ಕೇಳಲು ಹೋದಾಗ ಮಾತಿಗೆ ಮಾತು ಬೆಳೆಯಿತು. ಆಮೇಲೆ ಬುಟ್ಟಿ ಶಾಲೆಯ ಗುಡ್ಡ ಸುತ್ತಿ ಹೋಗಬೇಕಾಯಿತು. ರೊಟ್ಟಿ ಬುಟ್ಟಿಯಲ್ಲೇ ಬೆವರಿ ಮೆತ್ತಗಾಗುತ್ತಿತ್ತು.

"ಇದು ರೊಟ್ಟಿಯಾ, ಒದ್ದೆ ಬಟ್ಟೆಯಾ ಎಡಾ?" ಚಾಂಡಿ ಒಂದು ದಿನ ಕುಂಞಿ ಮೋನುವನ್ನು ಕೇಳಿಯೇಬಿಟ್ಟ. "ಕಡಬದಿಂದ ಬನ್ನು ತಂದುಕೊಡ್ತೇನೆ ಅಂತ ಒಬ್ಬ ದಿನಾ ಬಂದು ಕೂತುಕೊಳ್ತಾನೆ. ಉಮ್ಮನ ಮುಖ ನೋಡಿ ನಾನು ಸುಮ್ಮನಿದ್ದೇನೆ. ಎಷ್ಟು ದಿನ ಅಂತ ಇರುದು, ನೀನೇ ಹೇಳು."

ಚಾಂಡಿ ಬನ್ನು ಹಿಡಿದರೆ ಮನೆಯ ಒಲೆ ಸುಮ್ಮನಾದ ಹಾಗೆಯೇ. ಆ ಹೆದರಿಕೆಯಲ್ಲಿ ಕುಂಞಿ ಮೋನು ಪುತ್ತೂರಿಗೆ ಹೋಗಿ ಮಹಾಗಣಪತಿ ವಕೀಲರನ್ನು ಹಿಡಿದ. ಹೊಸ ವಕೀಲರು, ಚುರುಕು. ಮುನ್ಸೀಫ್ ಕೋರ್ಟಿನಲ್ಲಿ ದಾವೆ ಹಾಕಿದರು. ಮುಂದಿನ ವಾರ ಕೆಮರಾದವನನ್ನು ಕರೆದುಕೊಂಡು ಬಂದರು. ಪೇಪರು ಬಂದದ್ದು ಹಾಗೆ.

ಪೇಪರಿನಿಂದ ಮೊದಲು ಆದದ್ದೆಂದರೆ, ಅಜ್ಜಾವರದಿಂದ ಬೀಬಿಯ ಅಪ್ಪ ಸಾಹುಲ್ ಹಮೀದ್ ಬಂದಿಳಿದರು. ಬಸ್ಸಿನ ತಲೆಯ ಮೇಲಿಂದ ಒಂದು ಗೋಣಿ ಅಕ್ಕಿ ಇಳಿಸಿ, ಕಾಲು ಕಟ್ಟಿದ ಕೋಳಿಯೊಂದನ್ನು ಕೈಯಲ್ಲಿ ನೇತಾಡಿಸಿಕೊಂಡು ಅಂಗಳಕ್ಕೆ ಬಂದವರು ಅಳಿಯನ ಮುಖ ಕೂಡ ನೋಡಲಿಲ್ಲ.

"ಬೀಬೀ, ಊಟ ಆಯ್ತಾ ಮಗಳೇ?"

"ಆಯ್ತು ಉಪ್ಪ. ಎಂತ, ಹೇಳದೆ ಕೇಳದೆ ಬಂದದ್ದು?"

"ಎಂತ ಊಟ ಮಾಡಿದಿ?"

"ಅನ್ನ, ಬಂಗುಡೆ ಸಾರು."

"ನಿಜ ಹೇಳು. ನನ್ನ ಹತ್ರ ಮುಚ್ಚಿಡ್ಬೇಡ. ಸುಳ್ಯದಲ್ಲಿ ಪೇಪರು ಓದಿದವರು ಮನೆಗೆ ಬಂದು ಹೇಳಿದ್ರು, ನಿನ್ನ ಮಗಳ ಮನೆಯಲ್ಲಿ ಗಂಜಿಗೂ ಗತಿ ಇಲ್ಲ ಅಂತ. ನಿನ್ನ ಉಮ್ಮ ನಿನ್ನೆಯಿಂದ ಅಳ್ತಾ ಇದ್ದಾಳೆ."

ಕುಂಞಿ ಮೋನುವಿನ ಮುಖ ಕೆಂಪಾಯಿತು. "ಮಾವ, ನಾನು ಸತ್ತಿದ್ದೇನಾ? ಈ ಗೋಣಿ ವಾಪಸು ತಗೊಂಡು ಹೋಗಿ."

"ಪೇಪರಿನಲ್ಲಿ ನಿನ್ನ ಹೆಸರೇ ಇಲ್ಲ ಮಾರಾಯ. ಇದ್ದಿದ್ರೆ ನಾನು ಬರ್ತಿರ್ಲಿಲ್ಲ."

ಮೈಮೂನ ಬಾಯಿಗೆ ಶಾಲು ಅಡ್ಡ ಹಿಡಿದು ನಕ್ಕಳು. ಜೈನಬಮ್ಮ ಬೀಗರಿಗೆ ಊಟ ಬಡಿಸಿದರು. ಮೂರು ಸಲ ಸಾರು ಹಾಕಿಸಿಕೊಂಡ ಮೇಲೆ ಅವರಿಗೆ ನಂಬಿಕೆ ಬಂತು. ಆದರೂ ಅಕ್ಕಿ ವಾಪಸು ತೆಗೆದುಕೊಂಡು ಹೋಗಲಿಲ್ಲ. ಬಸ್ಸಿನವನು ಮತ್ತೆ ಲಗೇಜು ಚಾರ್ಜು ಹಾಕುತ್ತಾನೆ ಅಂದರು. ಕೋಳಿಯನ್ನು ಬೀಬಿ ಹಿತ್ತಲಿನಲ್ಲಿ ಕಟ್ಟಿ ಹಾಕಿದಳು.

ಇನ್ನೊಂದು ಆದದ್ದು ಒಳ್ಳೆಯದೇ. ಪೇಪರು ನೋಡಿದವರು ಚಾಂಡಿಯ ಹೋಟೆಲಿನಲ್ಲಿ ಇಳಿದು, "ಆ ಅಜ್ಜಿಯ ರೊಟ್ಟಿ ಉಂಟಾ?" ಎಂದು ಕೇಳತೊಡಗಿದರು. ಮೆತ್ತಗಾದ ರೊಟ್ಟಿಯನ್ನೂ ಕನಿಕರದಿಂದ ತಿಂದರು. ಚಾಂಡಿ ಬನ್ನಿನ ಮಾತು ಎತ್ತಲಿಲ್ಲ.

"ನೋಡಿದ್ರಾ ಉಮ್ಮ? ನಾನು ಹೇಳ್ಲಿಲ್ಲವಾ?" ಕುಂಞಿ ಮೋನು ಬುಟ್ಟಿ ಇಳಿಸುತ್ತಾ ಹೇಳಿದ.

"ಕನಿಕರಕ್ಕೆ ತಿನ್ನುವವರು ಎಷ್ಟು ದಿನ ತಿಂತಾರೆ? ಬಾಯಿಗೆ ರುಚಿ ಆಗ್ಬೇಕು."

ಅದೇ ದಿನ ಮೀನಿನವನು ಸೈಕಲ್ಲಿನಲ್ಲಿ ಬಂದ. ಬೀಬಿ ಬಂಗುಡೆ ಸುತ್ತಿದ ಪೇಪರು ಬಿಚ್ಚಿದಾಗ ಒಳಗೆ ಅತ್ತೆಯ ಮುಖ ಇತ್ತು. ಮೇಲೆ ಎರಡು ಬಂಗುಡೆ. ಬೀಬಿ ಅದನ್ನು ಮಡಚಿ ಒಲೆಗೆ ಹಾಕಲು ಹೋದರೆ ಜೈನಬಮ್ಮ ತಡೆದರು.

"ನನ್ನನ್ನು ಯಾಕೆ ಸುಡ್ತೀ? ವಕೀಲರನ್ನು ಹರಿದು ಸುಡು," ಎಂದು ನಕ್ಕರು. ನಕ್ಕರೂ ಆ ದಿನ ಮೀನು ಮುಟ್ಟಲಿಲ್ಲ.

ಮೂರನೆಯದು ಅವರಿಗೆ ತಡವಾಗಿ ಗೊತ್ತಾಯಿತು. ಆದಂ ಕುಂಞಿ ಬೇಲಿಗೆ ಇನ್ನೊಂದು ಸಾಲು ತಂತಿ ಬಿಗಿಸಿದ. ಮಂಗಳೂರಿನಿಂದ ದೊಡ್ಡ ವಕೀಲರನ್ನು ನೇಮಿಸಿದ. ಯಾಕೆ ಎಂದು ತಿಳಿದದ್ದು ಅವನ ಹೆಂಡತಿ ಬೀಪಾತುಮ್ಮನ ಬಾಯಿಂದ. ಗಂಡ ಪೇಟೆಗೆ ಹೋದ ಹೊತ್ತು ನೋಡಿ, ಶಾಲೆಯ ಗುಡ್ಡ ಸುತ್ತಿ, ಏದುಸಿರು ಬಿಡುತ್ತಾ ಅವಳು ಹಿತ್ತಲಿನಿಂದ ಬಂದಳು.

"ಈ ಗುಡ್ಡ ಹತ್ತಿ ಇಳಿಯುದು ಹೇಗೆ ಮಾರಾಯ್ರೆ! ನನ್ನ ಮಂಡಿ ಹೋಯ್ತು."

"ನಮ್ಮ ರೊಟ್ಟಿ ದಿನಾ ಹತ್ತಿ ಇಳಿಯುತ್ತದೆ," ಎಂದಳು ಬೀಬಿ.

ಬೀಪಾತುಮ್ಮ ಮಂಡಿ ತಿಕ್ಕುತ್ತಾ ಕೂತಳು. ಚಾ ಕುಡಿದಳು, ಲೋಟ ಕೆಳಗಿಟ್ಟಳು.

"ಅವರು ಈ ಸಲ ಹಜ್ಜಿಗೆ ಹೊರಟಿದ್ದಾರೆ ಜೈನಬಮ್ಮ. ಬೊಂಬಾಯಿಯಿಂದ ಹಡಗು. ಎಲ್ಲ ತಯಾರಾಗಿದೆ."

ಜೈನಬಮ್ಮನಿಗೆ ಮುಂದಿನ ಮಾತು ಅಲ್ಲಿಗೇ ಅರ್ಥವಾಯಿತು. ಹಜ್ಜಿಗೆ ಹೊರಡುವವನು ಮನೆಮನೆಗೆ ಹೋಗಿ ಪೊರುತ್ತ ಕೇಳಬೇಕು. ನನ್ನಿಂದ ತಪ್ಪಾಗಿದ್ದರೆ ಮನ್ನಿಸಿ ಎಂದು ಬಾಯಿಬಿಟ್ಟು ಹೇಳಬೇಕು. ಒಂದು ಮನೆ ಬಿಟ್ಟರೂ ಮನಸ್ಸಿಗೆ ಸಮಾಧಾನ ಇಲ್ಲ. ಜಗಳ ಆದ ಮನೆಯನ್ನು ಬಿಡಲಿಕ್ಕೆ ಸಾಧ್ಯವೇ ಇಲ್ಲ.

"ಆ ಶುಕ್ರವಾರ ಇಲ್ಲಿಗೇ ಬರುವವರಿದ್ದರು," ಬೀಪಾತುಮ್ಮ ಹೇಳಿದಳು. "ಬಿಳಿ ಅಂಗಿಗೆ ಇಸ್ತ್ರಿ ಹಾಕಿಟ್ಟಿದ್ದೆ. ತಂತಿ ತೆಗೆಯುವ ಮಾತೂ ಆಡಿದ್ದರು. ಗುರುವಾರ ಪೇಪರು ಬಂತು. ಈಗ ಬಂದ್ರೆ ಊರು ಎಂತ ಹೇಳ್ತದೆ? ಪೇಪರಿಗೆ ಹೆದರಿ ಅಜ್ಜಿಯ ಕಾಲಿಗೆ ಬಿದ್ದ ಅಂತ. ಅವರು ಯಾರಿಗೂ ಹೆದರುವ ಜನ ಅಲ್ಲ, ಅದು ನಿಮಗೆ ಗೊತ್ತುಂಟು. ಈಗ ಬರ್ಲಿಕ್ಕೂ ಆಗುದಿಲ್ಲ, ಹೋಗ್ಲಿಕ್ಕೂ ಆಗುದಿಲ್ಲ. ಊಟ ಸರಿಯಾಗಿ ಮಾಡುದಿಲ್ಲ."

ಸಂಜೆ ಕುಂಞಿ ಮೋನುವಿಗೆ ವಿಷಯ ತಿಳಿಯಿತು. ಅವನು ಕೈ ತಟ್ಟಿದ.

"ಸಿಕ್ಕಿಬಿದ್ದ! ಇದನ್ನು ವಕೀಲರಿಗೆ ಹೇಳ್ಬೇಕು."

"ಹೇಳ್ಬೇಡ."

"ಉಮ್ಮ, ನಮಗೆ ದಾರಿ ಬೇಕಾ ಬೇಡವಾ?"

"ದಾರಿ ಬೇಕು. ಅದಕ್ಕೇ ಹೇಳಿದ್ದು."

ಅವನು ಕೇಳಲಿಲ್ಲ. ಮರುದಿನ ಪುತ್ತೂರಿಗೆ ಹೋಗಿ ಎಲ್ಲ ಹೇಳಿ ಬಂದ. ಬಂದವನು ಉಣ್ಣುವಾಗ ಖುಷಿಯಿಂದ ಹೇಳಿಯೂಬಿಟ್ಟ: ಈ ವಾರದ ಪೇಪರಿಗೆ ವಕೀಲರು ಇನ್ನೊಂದು ಬರೆಸಿದ್ದಾರೆ, ಹಜ್ಜಿಗೆ ಹೊರಟವನು ಬಡವಿಯ ದಾರಿ ಮುಚ್ಚಿದ ಎಂದು, ಈ ಸಲ ಮೊದಲನೆಯ ಪುಟದಲ್ಲಿ. ಜೈನಬಮ್ಮ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಬಿಟ್ಟರು.

"ನಿನಗೆ ಅನ್ನ ಬೇಕಿದ್ರೆ ನೀನೇ ಬಡಿಸ್ಕೊ. ಬೀಬೀ, ನನ್ನ ಒಳ್ಳೆಯ ಸೀರೆ ಎಲ್ಲುಂಟು?"

ಮರುದಿನ ರೊಟ್ಟಿಯ ಕೆಲಸ ಸೊಸೆಗೆ ಬಿಟ್ಟು ಅವರು ಬಸ್ಸು ಹತ್ತಿದರು. ಕುಂಞಿ ಮೋನು ಮುಖ ಊದಿಸಿಕೊಂಡು ಜೊತೆಗೆ ಹೋದ. ವಕೀಲರ ಕಚೇರಿ ಪುತ್ತೂರಿನಲ್ಲಿ ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ. ಜಗಲಿಯ ಬೆಂಚು ತುಂಬಿತ್ತು. ಎಲ್ಲರೂ ಹೊಸ ಕಕ್ಷಿಗಾರರು. ಒಬ್ಬನ ಕೈಯಲ್ಲಿ ಆ ಪೇಪರು ಇತ್ತು. ವಕೀಲರ ಮೇಜಿನ ಗಾಜಿನಡಿಯಲ್ಲೂ ಅದೇ ಫೋಟೋ.

"ಬನ್ನಿ ಬನ್ನಿ ಅಮ್ಮ, ಕೂತ್ಕೊಳ್ಳಿ," ಎಂದು ವಕೀಲರು ಎದ್ದು ನಿಂತರು. ಮರ್ಯಾದೆಯ ಮನುಷ್ಯ.

"ಹೊರಗೆ ತುಂಬ ಜನ ಇದ್ದಾರೆ."

"ಎಲ್ಲ ನಿಮ್ಮ ಕೇಸು ನೋಡಿ ಬಂದವರು."

"ಒಳ್ಳೆಯದಾಯ್ತು. ನಿಮಗೆ ಕೇಸು ಬಂತು. ನನ್ನದು ಎಲ್ಲಿಗೆ ಬಂತು?"

ವಕೀಲರು ನಕ್ಕರು. "ಕೋರ್ಟು ಅಂದ್ರೆ ನಿಧಾನ ಅಮ್ಮ. ಕಡತದ ಕಟ್ಟಿನ ಅಡಿಯಲ್ಲಿ ವರ್ಷಗಟ್ಟಲೆ ಬಿದ್ದಿರ್ತದೆ. ನಿಮ್ಮ ಹಾಗಿನವರ ಮಾತು ಯಾರು ಕೇಳ್ತಾರೆ? ಪೇಪರಿನಲ್ಲಿ ಬಂದ್ರೆ ನಾಲ್ಕು ಜನ ಕೇಳ್ತಾರೆ. ಎದುರಿನವನಿಗೆ ನಾಚಿಕೆ ಆಗ್ತದೆ."

"ನಾಚಿಕೆ ಆಯ್ತು. ಅದಕ್ಕೇ ಇನ್ನೊಂದು ಸಾಲು ತಂತಿ ಕಟ್ಟಿದ. ಅವ ಬರ್ಲಿಕ್ಕೆ ಅಂಗಿಗೆ ಇಸ್ತ್ರಿ ಹಾಕಿ ಇಟ್ಟಿದ್ದ ವಕೀಲರೇ. ನಿಮ್ಮ ಪೇಪರು ಅವನನ್ನು ಬಾಗಿಲಲ್ಲೇ ನಿಲ್ಲಿಸ್ತು. ಈಗ ಹಜ್ಜಿನ ವಿಷಯ ಹಾಕಿದ್ರೆ ಅವ ಯಾವತ್ತಿಗೂ ಬರುದಿಲ್ಲ."

"ಬರ್ತಾನೆ ಅಂತ ನಂಬಿಕೆ ಎಂತ? ಹೆಂಗಸರ ಮಾತು ಕೇಳಿ ದಾವೆ ನಡೆಸ್ಲಿಕ್ಕೆ ಆಗ್ತದಾ? ಮತ್ತೆ, ಅದು ಪ್ರೆಸ್ಸಿಗೆ ಹೋಗಿ ಆಯ್ತು. ಅಕ್ಷರ ಜೋಡಿಸಿ ಆಗಿದೆ."

"ಜೋಡಿಸಿದ್ದನ್ನು ಬಿಚ್ಚಲಿಕ್ಕೆ ಆಗುದಿಲ್ಲವಾ?"

"ನೀವು ಮನೆಗೆ ಹೋಗಿ ಅಮ್ಮ. ನಾನು ನೋಡ್ಕೊಳ್ತೇನೆ."

"ನಾನು ಇಲ್ಲೇ ಕೂತಿರ್ತೇನೆ. ನೀವು ಪ್ರೆಸ್ಸಿಗೆ ಹೋಗಿ ಬನ್ನಿ."

ವಕೀಲರು ಕುಂಞಿ ಮೋನುವಿನ ಮುಖ ನೋಡಿದರು. ಅವನು ಫ್ಯಾನಿನ ಕಡೆ ನೋಡಿದ. ಹೊರಗಿನ ಬೆಂಚಿನವರು ಬಾಗಿಲಿನಿಂದ ಇಣುಕತೊಡಗಿದರು. ಜೈನಬಮ್ಮ ಸೆರಗು ಸರಿಮಾಡಿಕೊಂಡು, ಬಸ್ಸಿಗೆ ಕಾಯುವವರ ಹಾಗೆ, ಯಾವ ಅವಸರವೂ ಇಲ್ಲದೆ ಕೂತಿದ್ದರು. ಒಂದಿಬ್ಬರು ಕಕ್ಷಿಗಾರರು ಬಂದು ಮಾತಾಡಿ ಹೋದರು. ಆಮೇಲೆ ವಕೀಲರು ಪೆನ್ನಿನ ಕ್ಯಾಪು ಮುಚ್ಚಿದರು.

"ನಾನು ನಿಲ್ಲಿಸಿದೆ ಅಂತಿಟ್ಟುಕೊಳ್ಳಿ. ಅವ ಬರದಿದ್ರೆ?"

"ಬರದಿದ್ರೆ ನನ್ನ ಫೋಟೋ ಎಷ್ಟು ದೊಡ್ಡದು ಬೇಕಾದ್ರೂ ಹಾಕಿ. ನಾನೇ ಬಂದು ನಿಲ್ತೇನೆ. ಅಳಬೇಕು ಅಂದ್ರೆ ಅಳ್ತೇನೆ."

ವಕೀಲರಿಗೆ ನಗು ಬಂತು. ಛತ್ರಿ ಹಿಡಿದುಕೊಂಡು ಇಳಿದು ಹೋದರು. ತಿರುಗಿ ಬಂದಾಗ ಬೆರಳಿಗೆ ಮಸಿ ಹತ್ತಿತ್ತು. ಆ ವಾರ ಮೊದಲನೆಯ ಪುಟದಲ್ಲಿ, ವಕೀಲರ ಹೋರಾಟ ಇರಬೇಕಾದ ಜಾಗದಲ್ಲಿ, ಸೋಡಾ ಫ್ಯಾಕ್ಟರಿಯ ಜಾಹೀರಾತು ಬಂತು.

ಹಜ್ಜಿಗೆ ಹೋಗುವವರನ್ನು ನೆಂಟರು, ನೆರೆಯವರು ಊಟಕ್ಕೆ ಕರೆಯುವುದು ನಮ್ಮಲ್ಲಿ ವಾಡಿಕೆ. ಜೈನಬಮ್ಮ ಕರೆಯುವುದೆಂದು ನಿಶ್ಚಯಿಸಿದರು.

"ನಾನು ಹೋಗಿ ಕರೆಯುದಿಲ್ಲ," ಎಂದ ಕುಂಞಿ ಮೋನು.

"ನಿನ್ನನ್ನು ಯಾರು ಕೇಳಿದ್ರು?"

"ಕೇಸು ಹಾಕಿದವರು ಊಟಕ್ಕೆ ಕರೆದ್ರೆ ಜನ ನಗ್ತಾರೆ ಉಮ್ಮ."

"ಪೇಪರಿನಲ್ಲಿ ಗಂಜಿ ಇಲ್ಲ ಅಂತ ಬಂದಾಗ ನಕ್ಕರಲ್ಲ, ಈಗ ತುಪ್ಪದ ನೆಯ್ಚೋರು ಉಂಟು ಅಂತ ನಗ್ಲಿ."

ಅವರೇ ಗುಡ್ಡ ಸುತ್ತಿ ಆದಂ ಕುಂಞಿಯ ಅಂಗಳಕ್ಕೆ ಹೋದರು. ಆದಂ ಕುಂಞಿ ಆರಾಮಕುರ್ಚಿಯಿಂದ ಎದ್ದು ನಿಂತ. ಬೀಪಾತುಮ್ಮ ಬಾಗಿಲ ಮರೆಯಲ್ಲಿ ನಿಂತಳು.

"ಕೇಸಿನ ವಿಷಯ ಮಾತಾಡ್ಲಿಕ್ಕೆ ಬಂದದ್ದಾದ್ರೆ ವಕೀಲರ ಹತ್ರ ಮಾತಾಡಿ," ಎಂದ.

"ಕೇಸಿನ ಮಾತಲ್ಲ ಆದಮ. ಈ ಶುಕ್ರವಾರ ನಮಾಜು ಮುಗಿದ ಮೇಲೆ ಹೆಂಡತಿ ಮಕ್ಕಳನ್ನು ಕರ್ಕೊಂಡು ಊಟಕ್ಕೆ ಬಾ. ನಿನ್ನ ಉಪ್ಪ ಹಜ್ಜಿಗೆ ಹೋದಾಗಲೂ ನಮ್ಮಲ್ಲೇ ಉಂಡು ಹೋದದ್ದು. ನೀನು ಆಗ ಚಡ್ಡಿ ಹಾಕದೆ ಓಡಾಡ್ತಿದ್ದಿ."

ಒಳಗಿನಿಂದ ಹೆಣ್ಣುಮಕ್ಕಳು ನಕ್ಕದ್ದು ಕೇಳಿತು. ಆದಂ ಕುಂಞಿ ಗಂಟಲು ಸರಿಮಾಡಿಕೊಂಡ.

"ಹೇಗೆ ಬರುದು ನಾನು? ಆ ಚಾಂಡಿಯ ಹೋಟೆಲಿನ ಎದುರಿಂದ, ಎಲ್ಲರೂ ನೋಡುವ ಹಾಗೆ?"

"ಹೇಗೆ ಬೇಕಾದ್ರೂ ಬಾ. ಅದು ನಿನಗೆ ಬಿಟ್ಟದ್ದು. ಬಿಸಿ ಇರುವಾಗ ಬಾ."

ಹೆಚ್ಚು ನಿಲ್ಲದೆ ಹಿಂದೆ ಬಂದರು.

ಶುಕ್ರವಾರ ಬೆಳಿಗ್ಗೆಯಿಂದ ಬೀಬಿಗೆ ಪುರುಸೊತ್ತು ಇರಲಿಲ್ಲ. ಅಜ್ಜಾವರದ ಕೋಳಿ ಸಾರಾಯಿತು, ಅಜ್ಜಾವರದ ಅಕ್ಕಿ ನೆಯ್ಚೋರಾಯಿತು. ಮೈಮೂನ ಚಾಪೆ ಕೊಡವಿ ಹಾಸಿದಳು. ಮಸೀದಿಯಿಂದ ಬಂದ ಕುಂಞಿ ಮೋನು ಜಗಲಿಯಲ್ಲಿ ಬೇಲಿಗೆ ಬೆನ್ನು ಹಾಕಿ ಕೂತ. ಮಾರ್ಗದ ಕಡೆಯಿಂದ ಯಾರೂ ಬರಲಿಲ್ಲ. ಬೀಬಿ ಪಾತ್ರೆಯ ಮುಚ್ಚಳ ತೆಗೆದು ಮುಚ್ಚಿದಳು.

"ತಣ್ಣಗಾಗ್ತದೆ ಮಾಮಿ."

"ಕೆಂಡದ ಮೇಲಿಡು."

"ಬರುದಿಲ್ಲ ಅವರು," ಎಂದ ಕುಂಞಿ ಮೋನು. "ನಮಗೆ ಸುಮ್ಮನೆ ಕೋಳಿ ಖರ್ಚು."

ಆಗ ಬೇಲಿಯ ಕಡೆಯಿಂದ 'ಟಣ್' ಎಂದು ಸದ್ದಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮೈಮೂನ ಕಿಟಕಿಗೆ ಓಡಿದಳು. ಬಿಳಿ ಅಂಗಿ ತೊಟ್ಟ ಆದಂ ಕುಂಞಿ ಕಟ್ಟಿಂಗ್ ಪ್ಲೇಯರು ಹಿಡಿದು ತಂತಿ ತುಂಡು ಮಾಡುತ್ತಿದ್ದ. ಹಿಂದೆ ಬೀಪಾತುಮ್ಮ, ಹೆಣ್ಣುಮಕ್ಕಳು. ತುಂಡಾದ ತಂತಿ ಸುರುಳಿ ಸುತ್ತಿ ಅವನ ತೋಳಿನ ಕಡೆಗೇ ಹಾರಿತು.

"ಕುಂಞಿ ಮೋನೂ," ಎಂದು ಕೂಗಿದ. "ಆ ತುದಿ ಹಿಡಿ ಮಾರಾಯ. ಅಂಗಿ ಹರೀತದೆ."

ಕುಂಞಿ ಮೋನು ಸ್ವಲ್ಪ ಹೊತ್ತು ಕೂತೇ ಇದ್ದ. ಕೊನೆಗೆ ಎದ್ದ, ಮುಂಡು ಎತ್ತಿ ಕಟ್ಟಿದ, ಹೋಗಿ ತಂತಿಯ ತುದಿ ಹಿಡಿದ. ಇಬ್ಬರೂ ಸೇರಿ ಸುತ್ತಿದರು.

"ಇಷ್ಟು ಬಿಗಿಯಾಗಿ ಯಾರು ಕಟ್ಟಿದ್ದು ಇದನ್ನು?" ಕುಂಞಿ ಮೋನು ಗೊಣಗಿದ.

"ಪೇಪರು ಓದಿದ ಸಿಟ್ಟಿನಲ್ಲಿ ನಾನೇ ಕಟ್ಟಿದ್ದು."

ಅಂಗಳಕ್ಕೆ ಬಂದ ಆದಂ ಕುಂಞಿ ಚಪ್ಪಲಿ ಬಿಟ್ಟು ಜೈನಬಮ್ಮನ ಎದುರು ತಲೆ ತಗ್ಗಿಸಿ ನಿಂತ. "ಪೊರುತ್ತ ಕೊಡಿ. ನಿಮ್ಮಲ್ಲಿ ಒಂದು ಮಾತು ಕೇಳದೆ ತಂತಿ ಹಾಕಿದ್ದು ತಪ್ಪು."

"ನಾನೂ ನಿನ್ನಲ್ಲಿ ಒಂದು ಮಾತು ಹೇಳದೆ ಪೇಪರಿಗೆ ನಿಂತೆ. ನೀನೂ ಕೊಡು. ಈಗ ಕೈ ತೊಳಿ."

ಉಣ್ಣುವಾಗ ದಾರಿಯ ಮಾತು ಬಂತು. ತೆಗೆದದ್ದು ಬೀಬಿ. ಆ ಮನೆಯ ಹೆಣ್ಣುಮಕ್ಕಳು ಬಾವಿಕಟ್ಟೆಯಲ್ಲಿ ಇರುವ ಹೊತ್ತಿಗೇ ನಮ್ಮವರು ಬುಟ್ಟಿ ಹೊತ್ತು ಹೋಗುವುದು ತನಗೂ ಸರಿ ಕಾಣುವುದಿಲ್ಲ ಎಂದಳು. ದಾರಿ ಬಾವಿಯ ಹತ್ತಿರ ಬೇಡ, ಕೆಳಗಿನ ಗಡಿಯ ಬದಿಯಲ್ಲಿ ಹೋಗಲಿ. ಬಾವಿಗೆ ತೆಂಗಿನ ಮಡಲಿನ ತಡಿಕೆ ಕಟ್ಟಿದರಾಯಿತು.

"ಇದನ್ನು ಮೊದಲೇ ಹೇಳ್ಲಿಕ್ಕೆ ಆಗುದಿಲ್ಲವಾ ನಿನಗೆ?" ಕುಂಞಿ ಮೋನು ಕೇಳಿದ.

"ನನ್ನನ್ನು ಯಾರೂ ಕೇಳ್ಲಿಲ್ಲ. ವಕೀಲರೂ ಕೇಳ್ಲಿಲ್ಲ, ಪೇಪರಿನವರೂ ಕೇಳ್ಲಿಲ್ಲ. ಸಾರು ಹಾಕ್ಬೇಕಾ?"

ಹಡಗಿಗೆ ಮೊದಲು ಕೋರ್ಟಿನಲ್ಲಿ ರಾಜಿ ಆಗಬೇಕಿತ್ತು. ಎಲ್ಲರೂ ಆದಂ ಕುಂಞಿಯ ಜೀಪಿನಲ್ಲೇ ಪುತ್ತೂರಿಗೆ ಹೋದರು. ದಾರಿಯುದ್ದಕ್ಕೂ ಒಂದೇ ಚರ್ಚೆ. ಪೇಪರು ಬರದಿದ್ದರೆ ನಾನು ಆ ಶುಕ್ರವಾರವೇ ಬರುತ್ತಿದ್ದೆ ಎಂದು ಆದಂ ಕುಂಞಿ. ಪೇಪರು ಬರದಿದ್ದರೆ ಚಾಂಡಿ ಅಷ್ಟರಲ್ಲಿ ಬನ್ನು ಹಿಡಿದಿರುತ್ತಿದ್ದ ಎಂದು ಕುಂಞಿ ಮೋನು. ಉಪ್ಪಿನಂಗಡಿ ಬಂದರೂ ಮುಗಿಯಲಿಲ್ಲ. ಆ ಚರ್ಚೆ ಆಮೇಲೂ ಎಷ್ಟೋ ವರ್ಷ ಆ ಎರಡು ಮನೆಗಳ ನಡುವೆ ನಡೆಯಿತು, ಚಾ ಕುಡಿಯುತ್ತಾ.

ವಾದಿ ಪ್ರತಿವಾದಿ ಒಂದೇ ಜೀಪಿನಿಂದ ಇಳಿದದ್ದು ಕಂಡು ಮಂಗಳೂರಿನ ದೊಡ್ಡ ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ಕೋರ್ಟಿನ ಜಗಲಿಯಲ್ಲಿ ಕೆಮರಾದವನೂ ಇದ್ದ. ಜೈನಬಮ್ಮ ರಾಜಿ ಅರ್ಜಿಗೆ ಹೆಬ್ಬೆಟ್ಟು ಒತ್ತಿ ಹೊರಗೆ ಬರುವಾಗ ಅವನು ಮಹಾಗಣಪತಿ ವಕೀಲರನ್ನು ಹಿಡಿದ.

"ಎಂತ ಮಾರಾಯ್ರೆ, ಗೆದ್ದಿರಾ? ಒಂದು ಫೋಟೋ ತೆಗಿಯುವ. ನೀವು ನಡುವೆ ನಿಲ್ಲಿ, ಎರಡು ಪಾರ್ಟಿ ಎರಡು ಬದಿ."

ವಕೀಲರು ಕೋಟಿನ ಕಾಲರು ಸರಿಮಾಡಿಕೊಂಡರು. ನಿಲ್ಲಲು ಅವರಿಗೆ ಮನಸ್ಸಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಜೈನಬಮ್ಮನ ಕಡೆ ನೋಡಿದರು. ಜೈನಬಮ್ಮ ಮಸಿಯ ಹೆಬ್ಬೆರಳನ್ನು ಗೋಡೆಗೆ ಒರೆಸುತ್ತಿದ್ದರು.

"ಎಂತದೂ ಇಲ್ಲ ಮಾರಾಯ," ಎಂದರು ವಕೀಲರು. "ಹಳೇ ಕೇಸು. ಬರೆಯುವಂಥದ್ದು ಎಂತದೂ ಇಲ್ಲ."

ಗುರುವಾರ ಪೇಪರು ಬಂತು. ಮೈಮೂನ ಜಗಲಿಯಲ್ಲಿ ಕೂತು ಪುಟ ಪುಟವಾಗಿ ತಿರುವಿ ಹಾಕಿದಳು. ಕುಂಞಿ ಮೋನು ಗಡಿಯ ಬದಿಯ ಹೊಸ ದಾರಿಯಲ್ಲಿ ಖಾಲಿ ಬುಟ್ಟಿ ಹಿಡಿದುಕೊಂಡು ಹತ್ತಿ ಬರುತ್ತಿದ್ದ.

"ನಮ್ಮದು ಎಂತದೂ ಇಲ್ಲ ಉಮ್ಮಮ್ಮ."

"ಸರಿಯಾಗಿ ನೋಡಿದ್ಯಾ?"

"ಕೊನೆಯ ಪುಟದವರೆಗೆ ನೋಡಿದೆ. ವಕೀಲರ ಹೆಸರೂ ಇಲ್ಲ."

"ಹಾಗಾದ್ರೆ ಈ ವಾರ ಪೇಪರು ಚೆನ್ನಾಗಿ ಬಂದಿದೆ," ಎಂದು ಜೈನಬಮ್ಮ ನಾಳೆಯ ಅಕ್ಕಿ ನೆನೆಹಾಕಲು ಒಳಗೆ ಹೋದರು.